ಮುಪ್ಪಿಗೆ ಬ್ಯಾಕ್‌ಲಾಗ್ ಬೇಡ

"ನಮ್ಮ ಅಜ್ಜ ಎಂಬತ್ತಕ್ಕೂ ಗಟ್ಟಿ ಇದ್ದ, ಈಗಿನವ್ರಿಗೆ ನಲವತ್ತಕ್ಕ ಮೊಣಕಾಲು ಹಿಡಿತಾವ." ಈ ಮಾತು ಹಳಿಯಾಳದ ಸಂತೆಯಲ್ಲೂ ಕೇಳುತ್ತೆ, ದಾಂಡೇಲಿ ಬಸ್ಸಿನಲ್ಲೂ ಕೇಳುತ್ತೆ. ನಾವೂ ಹೌದು ಅಂತ ತಲೆ ಅಲ್ಲಾಡಿಸುತ್ತೇವೆ. ಆದರೆ ಇಂಜಿನಿಯರಿಂಗ್ ಓದುವವರು ಇಂಥ ಮಾತನ್ನು ಒಮ್ಮೆ ಟೆಸ್ಟ್ ಮಾಡಿ ನೋಡಬೇಕು. 80ರ ಗಟ್ಟಿ ಅಜ್ಜ ನಮ್ಮ ಕಣ್ಣಿಗೆ ಕಾಣುತ್ತಾನೆ. 50ಕ್ಕೇ ತೀರಿಹೋದ ಅವನ ಓರಗೆಯವರು ಕಾಣುವುದಿಲ್ಲ. ಉಳಿದ ಸ್ಯಾಂಪಲ್‌ಗಳನ್ನಷ್ಟೇ ಎಣಿಸಿದರೆ ರಿಸಲ್ಟ್ ಚೆನ್ನಾಗಿಯೇ ಬರುತ್ತೆ. ಭಾರ ಹೊತ್ತು ಬೆನ್ನು ಬಾಗಿದ ಅಜ್ಜಂದಿರು, ಬಗ್ಗಿ ನಾಟಿ ಮಾಡಿ ಮಾಡಿ ಸೊಂಟ ಹಿಡಿದ ಅಜ್ಜಿಯರು ಕೂಡ ನಮ್ಮ ಮನೆಗಳಲ್ಲೇ ಇದ್ದಾರೆ. ಹಾಗಾಗಿ "ಹಳೇ ಕಾಲಕ್ಕೆ ವಾಪಸ್ ಹೋಗೋಣ" ಅನ್ನುವುದು ನಮ್ಮ ವಾದ ಅಲ್ಲ.

ನಮ್ಮ ವಾದ ಬೇರೆ. ದೇಹವನ್ನು ಮುರಿಯುವ ಶ್ರಮ ಒಂದು, ದೇಹವನ್ನು ಕಾಯುವ ಶ್ರಮ ಇನ್ನೊಂದು. ಮೊದಲನೆಯದನ್ನು ಯಂತ್ರಕ್ಕೆ ಕೊಟ್ಟಿದ್ದು ಒಳ್ಳೆಯದೇ. ಅದರ ಜೊತೆಗೆ ಎರಡನೆಯದನ್ನೂ ಕೊಟ್ಟುಬಿಟ್ಟೆವಲ್ಲ, ತಪ್ಪಿದ್ದು ಅಲ್ಲಿ.

ನಮ್ಮ ಸುತ್ತಲಿನ ತಾಲೂಕುಗಳನ್ನೇ ನೋಡಿ. ಜೋಯಿಡಾದ ಕುಣಬಿ ಮನೆಗಳ ಹಿತ್ತಲಲ್ಲಿ ಗೆಡ್ಡೆ-ಗೆಣಸು ಬೆಳೆಯುವುದು, ಅಗೆಯುವುದು, ಕಾಡುದಾರಿಯಲ್ಲಿ ಏರಿ ಇಳಿದು ರಸ್ತೆಗೆ ಬರುವುದು ವಯಸ್ಸಾದವರಿಗೂ ದಿನದ ಕೆಲಸ. ಮುಂಡಗೋಡದಲ್ಲಿ 1966ರಿಂದ ಟಿಬೆಟನ್ನರ ನೆಲೆ ಇದೆ. ಅಲ್ಲಿನ ಹಿರಿಯರು ಕೈಯಲ್ಲಿ ಜಪಮಾಲೆ ಹಿಡಿದು, ಜೊತೆಯವರ ಸಂಗಡ ಮಾತಾಡುತ್ತ ಪ್ರದಕ್ಷಿಣೆ ಹಾಕುತ್ತಾರೆ. ಅದಕ್ಕೆ ಯಾರೂ ವರ್ಕೌಟ್ ಅನ್ನುವುದಿಲ್ಲ. ಹಳಿಯಾಳದಲ್ಲಿ ಕುಸ್ತಿ, ಗರಡಿಮನೆ, ಬೈಠಕ್ಕು ಇವೆ. ಕೆಲಸ, ಪೂಜೆ, ಆಟ – ಮೂರರಲ್ಲೂ ದೇಹಕ್ಕೆ ಅದರ ಪಾಲು ಸಿಕ್ಕಿತ್ತು. ನಾವಾದರೋ ಹಾಸ್ಟೆಲ್ಲಿನಿಂದ ಟೀ ಅಂಗಡಿಗೂ ಬೈಕ್ ತೆಗೀತೇವೆ.

ಈ ಪಾಲು ಎಷ್ಟು ಮುಖ್ಯ ಅಂತ 1953ರಲ್ಲೇ ಜೆರಿ ಮಾರಿಸ್ ಎಂಬ ವೈದ್ಯ ಲಂಡನ್ನಿನ ಡಬಲ್ ಡೆಕ್ಕರ್ ಬಸ್ಸುಗಳಲ್ಲಿ ತೋರಿಸಿಕೊಟ್ಟರು. ಡ್ರೈವರ್ ಇಡೀ ದಿನ ಕೂತಿರುತ್ತಿದ್ದ, ಕಂಡಕ್ಟರ್ ಮೆಟ್ಟಿಲು ಹತ್ತಿಳಿದು ಟಿಕೆಟ್ ಕೊಡುತ್ತಿದ್ದ. ಹೃದಯದ ಕಾಯಿಲೆ ಕಂಡಕ್ಟರುಗಳಲ್ಲಿ ಕಡಿಮೆ ಇತ್ತು. ನಮ್ಮ ಮೆಕ್ಯಾನಿಕಲ್ ಗೆಳೆಯರು ಬೇರಿಂಗ್ ಬಳಸಿದಷ್ಟೂ ಸವೆಯುತ್ತೆ ಅಂತಾರೆ. ಮೂಳೆ, ಸ್ನಾಯುಗಳ ಲೆಕ್ಕ ಉಲ್ಟಾ. ತನ್ನ ಮೇಲೆ ಬೀಳುವ ಲೋಡಿಗೆ ತಕ್ಕಂತೆ ಮೂಳೆ ತನ್ನನ್ನೇ ಕಟ್ಟಿಕೊಳ್ಳುತ್ತೆ ಅಂತ ಜರ್ಮನಿಯ ಸರ್ಜನ್ ಜೂಲಿಯಸ್ ವೋಲ್ಫ್ 1892ರಲ್ಲೇ ಬರೆದಿದ್ದ. ಮೂಳೆಯ ಸಾಂದ್ರತೆ ಹೆಚ್ಚುಕಡಿಮೆ 30ರೊಳಗೆ ತುದಿ ಮುಟ್ಟುತ್ತೆ. ಆಮೇಲೆ ನಡೆಯುವುದು ಇದ್ದ ಬ್ಯಾಲೆನ್ಸ್ ಉಳಿಸಿಕೊಳ್ಳುವ ಕೆಲಸ. ಅಂದರೆ ಡೆಪಾಸಿಟ್ ಮಾಡುವ ವಯಸ್ಸು ನಮ್ಮದೇ.

"ನಾನು ಕಾಲೇಜ್ ಟೀಮಿನಾಗ ಅದೀನಿ, ನನಗೇನು ಚಿಂತಿ?" ಅನ್ನುವ ಗೆಳೆಯರಿಗೊಂದು ಮಾತು. ಹಾರ್ವರ್ಡಿನಲ್ಲಿ ಓದಿ ಹೊರಬಿದ್ದ ಸುಮಾರು 17 ಸಾವಿರ ಗಂಡಸರನ್ನು ರಾಲ್ಫ್ ಪಾಫೆನ್‌ಬರ್ಗರ್ ಅಧ್ಯಯನ ಮಾಡಿ, 1978ರಲ್ಲಿ ಫಲಿತಾಂಶ ಪ್ರಕಟಿಸಿದರು. ಕಾಲೇಜಿನಲ್ಲಿ ಆಟಗಾರರಾಗಿದ್ದು ಆಮೇಲೆ ಕೈಬಿಟ್ಟವರಿಗೆ ಹಳೆಯ ಆಟ ರಕ್ಷಣೆ ಕೊಡಲಿಲ್ಲ. ಮುಂದೆಯೂ ಚಟುವಟಿಕೆಯಿಂದ ಇದ್ದವರಿಗೆ ಲಾಭ ಸಿಕ್ಕಿತು. ಕುಸ್ತಿ ಬಿಟ್ಟರೂ ಖುರಾಕು ಬಿಡದ ಪೈಲ್ವಾನರ ಕಥೆ ಗೊತ್ತಿರುವ ನಮ್ಮೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕಪ್ಪು, ಮೆಡಲ್ಲು ಶೋಕೇಸಿನಲ್ಲಿ ಉಳಿಯುತ್ತವೆ. ದೇಹದಲ್ಲಿ ಉಳಿಯುವುದು ಅಭ್ಯಾಸ ಮಾತ್ರ.

ಟೈಮ್ ಎಲ್ಲಿದೆ ಅಂತೀರಾ? ಅಸೈನ್‌ಮೆಂಟು, ಇಂಟರ್ನಲ್ಸು, ಪ್ಲೇಸ್‌ಮೆಂಟು ನಮಗೂ ಇವೆ. ವಾರಕ್ಕೆ ಕನಿಷ್ಠ 150 ನಿಮಿಷ ಚುರುಕಾಗಿ ನಡೆಯುವಂಥ ಚಟುವಟಿಕೆ, ಎರಡು ದಿನ ಸ್ನಾಯುಗಳಿಗೆ ಕೆಲಸ ಬೇಕು ಅನ್ನುತ್ತೆ ವಿಶ್ವ ಆರೋಗ್ಯ ಸಂಸ್ಥೆ. 150ನ್ನು 7ರಿಂದ ಭಾಗಿಸಿ: ದಿನಕ್ಕೆ 22 ನಿಮಿಷ, ಒಂದು ರೀಲ್ಸ್ ಸೆಷನ್ನಿಗಿಂತ ಕಡಿಮೆ. 65 ದಾಟಿದವರಿಗೆ ಇದರ ಜೊತೆ ವಾರಕ್ಕೆ ಮೂರು ದಿನವಾದರೂ ಬ್ಯಾಲೆನ್ಸ್ ಕಾಯುವ ವ್ಯಾಯಾಮ ಬೇಕು. ಆ ವಯಸ್ಸಿನಲ್ಲಿ ಒಮ್ಮೆ ಬಿದ್ದು ಸೊಂಟದ ಮೂಳೆ ಮುರಿದರೆ ಎಷ್ಟೋ ಜನ ಮತ್ತೆ ಮೊದಲಿನಂತೆ ಓಡಾಡುವುದೇ ಇಲ್ಲ.

ಒಂದು ಪರೀಕ್ಷೆ ರೂಮಿನಲ್ಲೇ ಮಾಡಿ ನೋಡಿ: ಕೈ ಊರದೆ ನೆಲಕ್ಕೆ ಕೂತು, ಕೈ ಊರದೆ ಎದ್ದೇಳಿ. ಬ್ರೆಜಿಲ್‌ನಲ್ಲಿ 51ರಿಂದ 80 ವಯಸ್ಸಿನ ಸುಮಾರು 2 ಸಾವಿರ ಜನರಿಗೆ ಇದನ್ನೇ ಮಾಡಿಸಿದ್ದರು. ಇದರಲ್ಲಿ ತೀರಾ ಕಡಿಮೆ ಅಂಕ ಪಡೆದವರಲ್ಲಿ ಮುಂದಿನ ವರ್ಷಗಳಲ್ಲಿ ಸಾವು ಹೆಚ್ಚಾಗಿ ಕಂಡಿತು. ನೆಲದ ಮೇಲೆ ಪಂಕ್ತಿ ಊಟಕ್ಕೆ ಕೂರುತ್ತಿದ್ದವರಿಗೆ ಈ ಪ್ರಾಕ್ಟೀಸು ಪುಕ್ಕಟೆ ಸಿಗುತ್ತಿತ್ತು. ಈಗ ಮದುವೆ ಮನೆಯಲ್ಲೂ ಬಫೆ. ಮೊಣಕಾಲು ನೋವಿರುವ ಹಿರಿಯರನ್ನು ನೆಲಕ್ಕೆ ಕೂರಲು ಒತ್ತಾಯಿಸುವುದು ಬೇಡ, ಅವರು ಡಾಕ್ಟರನ್ನೇ ಕೇಳಲಿ. ನಮಗೆ ಆ ನೆಪ ಇಲ್ಲ. ದಿನಕ್ಕೆ ಒಂದು ಊಟ ನೆಲದ ಮೇಲೆ ಮಾಡೋಣ, ಎರಡನೇ ಮಹಡಿಗೆ ಮೆಟ್ಟಿಲಲ್ಲೇ ಹೋಗೋಣ, ಊರೊಳಗಿನ ಕೆಲಸಕ್ಕೆ ನಡೆದೇ ಹೋಗೋಣ.

ಇನ್ನೊಂದು ಜವಾಬ್ದಾರಿಯೂ ನಮ್ಮ ಮೇಲಿದೆ. ಅಜ್ಜಿಗೆ "ವಾಕಿಂಗ್ ಹೋಗು" ಅನ್ನುವುದು ಸುಲಭ. ಫುಟ್‌ಪಾತಿನ ತುಂಬ ಬೈಕು, ಮೆಟ್ಟಿಲಿಗೆ ಹಿಡಿಕೆ ಇಲ್ಲ, ಬೀದಿದೀಪ ಹತ್ತುವುದಿಲ್ಲ ಅಂದರೆ ಅವಳು ನಡೆಯುವುದು ಎಲ್ಲಿ? ನಾಳೆ ಆ ರಸ್ತೆ, ಆ ಕಟ್ಟಡ ಡಿಸೈನ್ ಮಾಡುವವರು ನಾವೇ. ಶ್ರಮ ಉಳಿಸುವುದನ್ನು ಕಲಿತಿದ್ದೇವೆ. ಯಾವ ಶ್ರಮ ಉಳಿಸಬಾರದು ಅನ್ನುವುದನ್ನೂ ಕಲಿಯಬೇಕು.

ಅಪ್ಪ-ಅವ್ವ ಈಗ 50ರ ಆಸುಪಾಸಿನಲ್ಲಿದ್ದಾರೆ. ಅವರಿಗೂ ಹೊತ್ತು ಮೀರಿಲ್ಲ. ಈ ಭಾನುವಾರ ಫೋನ್ ಮಾಡಿದಾಗ "ಊಟ ಆತೇನ್?" ಜೊತೆಗೆ "ಇವತ್ತ ಎಷ್ಟ ನಡದ್ರಿ?" ಅಂತನೂ ಕೇಳೋಣ. ಅವರು ತಿರುಗಿ ಕೇಳಿದರೆ ಹೇಳಲು ನಮ್ಮ ಹತ್ತಿರವೂ ಉತ್ತರ ಇರಲಿ.