ಪ್ಲಗ್-ಇನ್ ಹೈಬ್ರಿಡ್ಡೋ, ಪೂರ್ಣ ವಿದ್ಯುತ್ತೋ? ಕೊಳ್ಳುವ ಮುನ್ನ ಒಂದು ಲೆಕ್ಕಾಚಾರ

ಕುಟುಂಬಕ್ಕೆಂದು ಏಳು ಆಸನಗಳ ಐಷಾರಾಮಿ ಎಸ್‌ಯುವಿ ಕೊಳ್ಳಬಯಸುವ ಉದ್ಯಮಿಯ ಮುಂದೆ ಇಂದು ಎರಡು ಮಾರ್ಗಗಳಿವೆ. ಒಂದು, ಪೆಟ್ರೋಲ್ ಎಂಜಿನ್ನಿನ ಜೊತೆಗೆ ಹೊರಗಿನಿಂದ ಚಾರ್ಜ್ ಮಾಡಬಹುದಾದ ಬ್ಯಾಟರಿಯನ್ನೂ ಹೊಂದಿರುವ ಪ್ಲಗ್-ಇನ್ ಹೈಬ್ರಿಡ್. ಇನ್ನೊಂದು, ಬ್ಯಾಟರಿಯಿಂದಲೇ ಚಲಿಸುವ ವಿದ್ಯುತ್ ಕಾರು. ಎರಡೂ ಇದ್ದರೆ ಚಿಂತೆಯಿಲ್ಲ ಎಂಬ ವಾದ ಮೇಲ್ನೋಟಕ್ಕೆ ಸರಿಯೆನಿಸುತ್ತದೆ. ಆದರೆ ಕೋಟಿ ರೂಪಾಯಿಯ ಆಸುಪಾಸಿನಲ್ಲಿ ಹಣ ತೊಡಗಿಸುವವರು ಲೆಕ್ಕದ ಪುಸ್ತಕ ತೆರೆದು ನೋಡುವುದು ಉಚಿತ.

ಮೊದಲನೆಯದು ತೆರಿಗೆ. 2025ರ ಸೆಪ್ಟೆಂಬರ್ 22ರಂದು ಜಾರಿಗೆ ಬಂದ ಜಿಎಸ್‌ಟಿ ದರಗಳಂತೆ ವಿದ್ಯುತ್ ಕಾರಿಗೆ ಶೇ 5, ದೊಡ್ಡ ಹೈಬ್ರಿಡ್ ಕಾರಿಗೆ ಶೇ 40. ತೆರಿಗೆಪೂರ್ವ ಬೆಲೆ ₹80 ಲಕ್ಷವಾದರೆ ಒಂದಕ್ಕೆ ₹4 ಲಕ್ಷ, ಇನ್ನೊಂದಕ್ಕೆ ₹32 ಲಕ್ಷ. ಇಂತಹ ಕಾರುಗಳ ಮೇಲೆ ಸಾಮಾನ್ಯ ವ್ಯಾಪಾರಿಗೆ ಇನ್‌ಪುಟ್ ತೆರಿಗೆ ಕ್ರೆಡಿಟ್ ದೊರೆಯುವುದಿಲ್ಲವಾದ್ದರಿಂದ ಇದು ಮರಳಿ ಬಾರದ ವೆಚ್ಚ. ದೊಡ್ಡ ಬ್ಯಾಟರಿಯ ಕಾರಣ ವಿದ್ಯುತ್ ಕಾರಿನ ಮೂಲ ಬೆಲೆ ಹೆಚ್ಚಿದ್ದರೂ ಈ ಅಂತರ ಅದನ್ನು ಬಹುಮಟ್ಟಿಗೆ ಸರಿದೂಗಿಸಬಲ್ಲದು. ಆದರೆ ವಿದ್ಯುತ್ ಕಾರಿಗೆ ರಸ್ತೆ ತೆರಿಗೆಯೇ ಇಲ್ಲವೆಂಬ ಹಳೆಯ ಮಾತನ್ನು ನಂಬಬಾರದು. ₹25 ಲಕ್ಷ ಮೀರಿದ ಇಂತಹ ಕಾರುಗಳಿಗೆ ಕರ್ನಾಟಕ ಸರ್ಕಾರ 2024ರಲ್ಲಿ ಶೇ 10ರ ಆಜೀವ ತೆರಿಗೆ ವಿಧಿಸಿತು.

ಎರಡನೆಯದು ಬಳಕೆಯ ಸ್ವರೂಪ. ಒಂದೇ ಕಂಪನಿಯ ಏಳು ಆಸನಗಳ ಎರಡು ಕಾರುಗಳನ್ನು ನೋಡೋಣ. ವೋಲ್ವೊ ಎಕ್ಸ್‌ಸಿ90ಯ ಪ್ಲಗ್-ಇನ್ ಮಾದರಿಯ ಬ್ಯಾಟರಿ ಸುಮಾರು 19 ಯೂನಿಟ್‌ಗಳದ್ದು; 2022ರಲ್ಲಿ ಅನಾವರಣಗೊಂಡ ವಿದ್ಯುತ್ ಮಾದರಿ ಇಎಕ್ಸ್90ಯದು ಸುಮಾರು 110. ಮೊದಲನೆಯದು ಮನೆಯ 15 ಆಂಪಿಯರ್ ಸಾಕೆಟ್‌ನಲ್ಲಿ ಒಂದು ರಾತ್ರಿಯಲ್ಲಿ ತುಂಬುತ್ತದೆ. ಎರಡನೆಯದಕ್ಕೆ 7.4 ಕಿಲೋವ್ಯಾಟ್ ಚಾರ್ಜರ್ ಇದ್ದರೂ ಸುಮಾರು 15 ಗಂಟೆ ಬೇಕು. ಮಂಜೂರಾದ ವಿದ್ಯುತ್ ಲೋಡ್ ಹೆಚ್ಚಿಸಿಕೊಳ್ಳಬೇಕಾಗಬಹುದು.

ದಿನಕ್ಕೆ 40 ಕಿ.ಮೀ.ನಂತೆ ವರ್ಷದ 300 ದಿನ ಓಡಿಸಿದರೆ 12,000 ಕಿ.ಮೀ. ನೂರು ಕಿ.ಮೀ.ಗೆ 25 ಯೂನಿಟ್, ಯೂನಿಟ್‌ಗೆ ₹8 ಎಂದು ಹಿಡಿದರೆ ವಿದ್ಯುತ್ ವೆಚ್ಚ ₹24,000. ಲೀಟರಿಗೆ 10 ಕಿ.ಮೀ., ₹100 ಎಂದು ಹಿಡಿದರೆ ಪೆಟ್ರೋಲಿಗೆ ₹1.20 ಲಕ್ಷ. ದಿನವೂ ತಪ್ಪದೆ ಚಾರ್ಜ್ ಮಾಡಿದರೆ ಹೈಬ್ರಿಡ್ ಕೂಡ ಬಹುಪಾಲು ಮೊದಲ ವೆಚ್ಚದ ಹತ್ತಿರವೇ ನಿಲ್ಲುತ್ತದೆ; ಚಾರ್ಜ್ ಮಾಡದಿದ್ದರೆ ಬ್ಯಾಟರಿಯ ಭಾರ ಹೊತ್ತ ಪೆಟ್ರೋಲ್ ಕಾರಾಗುತ್ತದೆ.

ತೊಡಕಿರುವುದು ಇಲ್ಲಿಯೇ. ಯುರೋಪಿಯನ್ ಕಮಿಷನ್ 2024ರಲ್ಲಿ ಪ್ರಕಟಿಸಿದ ವರದಿಯಂತೆ, 2021ರಲ್ಲಿ ನೋಂದಣಿಯಾದ ಪ್ಲಗ್-ಇನ್ ಕಾರುಗಳು ರಸ್ತೆಯ ಮೇಲೆ ಉಗುಳಿದ ಇಂಗಾಲದ ಡೈಆಕ್ಸೈಡ್, ಪ್ರಯೋಗಾಲಯದ ಅಂಕಿಗಿಂತ ಸರಾಸರಿ ಮೂರೂವರೆ ಪಟ್ಟು. ಮಾಲೀಕರು ನಿರೀಕ್ಷಿಸಿದಷ್ಟು ಚಾರ್ಜ್ ಮಾಡದಿದ್ದುದೇ ಮುಖ್ಯ ಕಾರಣ. ಕಂಪನಿ ಖರ್ಚಿನಲ್ಲಿ ಪೆಟ್ರೋಲ್ ತುಂಬಿಸುವ ನಮ್ಮ ಸಂಸ್ಥೆಗಳಿಗೆ ಇದು ಎಚ್ಚರಿಕೆಯ ಗಂಟೆ.

ಹಾಗೆಂದು ವಿದ್ಯುತ್ ಕಾರು ಎಲ್ಲರಿಗೂ ಹೊಂದುತ್ತದೆಂದಲ್ಲ. ಹುಬ್ಬಳ್ಳಿಯಿಂದ ಬೆಂಗಳೂರಿಗೆ ಸುಮಾರು 410 ಕಿ.ಮೀ. ಹೆದ್ದಾರಿಯ ವೇಗ, ಹವಾನಿಯಂತ್ರಣ, ತುಂಬಿದ ಆಸನಗಳು ಸೇರಿದಾಗ ಕಂಪನಿ ಘೋಷಿಸಿದ ದೂರ ಕೈಗೆ ಸಿಗದು; ನಡುವೆ ಒಮ್ಮೆ ವೇಗದ ಚಾರ್ಜಿಂಗ್‌ಗೆ ನಿಲ್ಲಲು ಸಿದ್ಧರಿರಬೇಕು. ವಾರಕ್ಕೆ ಮೂರು ನಾಲ್ಕು ಬಾರಿ ಚಾರ್ಜರ್‌ಗಳು ವಿರಳವಾದ ತಾಲ್ಲೂಕುಗಳಿಗೆ ಮಾಲಿನ ಖರೀದಿಗೆಂದು ತೆರಳುವವರಿಗೆ ಹೈಬ್ರಿಡ್ ಸಮಂಜಸ. ಆದರೆ ಎಂಜಿನ್ ಇರುವವರೆಗೂ ಆಯಿಲ್, ಫಿಲ್ಟರ್, ಸರ್ವೀಸ್ ವೆಚ್ಚ ತಪ್ಪದು.

ಒಟ್ಟಿನಲ್ಲಿ, ಮನೆಯಲ್ಲೋ ಕಾರ್ಖಾನೆಯಲ್ಲೋ ಸ್ವಂತ ಚಾರ್ಜರ್ ಅಳವಡಿಸಬಲ್ಲವರಿಗೆ ಪೂರ್ಣ ವಿದ್ಯುತ್ ಕಾರೇ ಮೇಲು. ಕಾರ್ಖಾನೆಯ ಛಾವಣಿಯಲ್ಲಿ ಸೌರಫಲಕಗಳಿದ್ದರೆ ಲಾಭ ಇನ್ನೂ ಹೆಚ್ಚು. ನಿರ್ಧಾರಕ್ಕೆ ಮುನ್ನ ಒಂದು ತಿಂಗಳ ಓಡಾಟವನ್ನು ದಿನವಾರು ಬರೆದಿಟ್ಟು, ಬ್ಯಾಟರಿ ವಾರಂಟಿಯ ಷರತ್ತುಗಳನ್ನು ಓದಿ, ಸವಕಳಿ ಮತ್ತು ಮರುಮಾರಾಟದ ಬೆಲೆಯ ಬಗ್ಗೆ ತಮ್ಮ ಲೆಕ್ಕಪರಿಶೋಧಕರೊಡನೆ ಚರ್ಚಿಸುವುದು ಸದಸ್ಯರಿಗೆ ಶ್ರೇಯಸ್ಕರ.