ಕೂಸು ಹುಟ್ಟುವ ಮುಂಚೆ ಕುಲಾವಿ

ಹೋದ ವರ್ಷ ಒಂದು ಭಾನುವಾರ ನಮ್ಮ ಪಡಸಾಲೆಯಲ್ಲಿ ನಾಲ್ವರು ಹುಡುಗಿಯರು, ಇಬ್ಬರು ಹುಡುಗರು ಕೂತು ವಿಡಿಯೋ ಹಾಡೊಂದರ ಯೋಜನೆ ಹಾಕುತ್ತಿದ್ದರು. ನನ್ನ ತಂಗಿಯ ಮಗಳು ಹಾಸನದಲ್ಲಿ ನಮ್ಮ ಮನೆಯಲ್ಲೇ ಇದ್ದು ಓದುವವಳು. ಉಳಿದ ಮೂವರು ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳಿಂದ ದಿನಾ ಬಸ್ಸಿನಲ್ಲಿ ಬಂದುಹೋಗುವವರು. ಪದವಿಯ ಕೊನೆಯ ವರ್ಷದ ಪ್ರಾಜೆಕ್ಟ್ ಅಂತೆ: 4 ನಿಮಿಷದ ಹಾಡು, ಅದನ್ನು ಜನಕ್ಕೆ ಮುಟ್ಟಿಸಲು 30 ಸೆಕೆಂಡಿನ ಜಾಹೀರಾತು. ಕಾಫಿ ಕೊಡಲು ಹೋದ ನಾನು ಅಲ್ಲೇ ಕೂತುಬಿಟ್ಟೆ.

ಹಾಡು ಕಟ್ಟಿದವಳು ಅರಕಲಗೂಡಿನ ಹುಡುಗಿ. ಬೆಳಗಿನ ಮೊದಲ ಬಸ್ಸು ಹಿಡಿಯುವ ಹೆಣ್ಣುಮಕ್ಕಳ ಮೇಲೆ ಹಾಡು. ಅವಳ ಅಜ್ಜಿ ರಾಗಿ ಬೀಸುವಾಗ ಹೇಳುತ್ತಿದ್ದ ಪದದ ಧಾಟಿ. ಅವಳು ಹಾಡಿದಾಗ ನನ್ನ ಕೈಯಲ್ಲಿದ್ದ ಕಾಫಿ ಆರಿಹೋದದ್ದೇ ತಿಳಿಯಲಿಲ್ಲ.

ಆಮೇಲೆ ಯೋಜನೆಯ ಹಾಳೆ ನೋಡಿದೆ. ಮೊದಲ ಪುಟದಲ್ಲಿ ಹಾಡಿಲ್ಲ, ಜಾಹೀರಾತಿದೆ! ಬೇಲೂರಿನ ಮದನಿಕೆಯ ಭಂಗಿಯಲ್ಲಿ ಒಬ್ಬಳು, ಹೇಮಾವತಿಯ ಹಿನ್ನೀರಿನಲ್ಲಿ ಮಳೆಗಾಲದಲ್ಲಿ ಮುಳುಗುವ ಶೆಟ್ಟಿಹಳ್ಳಿ ಚರ್ಚಿನ ಮುಂದೆ ಕೂದಲು ಬಿಚ್ಚಿಕೊಂಡು ಓಡುವವಳು ಇನ್ನೊಬ್ಬಳು.

"ಬಸ್ಸೆಲ್ಲಿ ಮಗಳೇ?" ಎಂದೆ.

"ಪ್ರೋಮೋದಲ್ಲಿ ಬಸ್ಸು ತೋರಿಸಿದರೆ ಯಾರು ನೋಡ್ತಾರೆ ದೊಡ್ಡಮ್ಮಾ?"

ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿದರು ಎಂಬ ಗಾದೆ ನಮ್ಮಲ್ಲಿದೆ. ಇಲ್ಲಿ ಅದಕ್ಕೂ ಮುಂದೆ ಹೋಗಿ, ಕುಲಾವಿಗೆ ಸರಿಹೋಗುವ ಹಾಗೆ ಕೂಸಿನ ತಲೆಯನ್ನೇ ಒತ್ತುತ್ತಿದ್ದರು. ಜಾಹೀರಾತು ಹಾಡನ್ನು ಹೊತ್ತು ತಿರುಗಬೇಕಾದ್ದು. ಹಾಡಿನಲ್ಲಿ ಇಲ್ಲದ್ದನ್ನು ತೋರಿಸಿ ಕರೆದರೆ ಬಂದವನಿಗೆ ಮೋಸ. ಕಟ್ಟಿದವಳಿಗೆ ಇನ್ನೂ ದೊಡ್ಡ ಮೋಸ.

ಇನ್ನೊಂದು ಸಂಗತಿಯೂ ಆ ಹಾಳೆಯಲ್ಲಿತ್ತು. ಕ್ಯಾಮೆರಾ, ಎಡಿಟಿಂಗ್, ನಿರ್ದೇಶನದ ಮುಂದೆ ಇಬ್ಬರು ಹುಡುಗರ ಹೆಸರು. ಹುಡುಗಿಯರ ಹೆಸರಿನ ಮುಂದೆ 'ನಟನೆ', 'ಉಡುಪು', 'ತಿಂಡಿ'. ಹಾಡು ಕಟ್ಟಿದವಳ ಹೆಸರೇ ಇಲ್ಲ! ಕೇಳಿದರೆ, "ಅದು ಎಲ್ಲರದ್ದೂ ಅಲ್ಲವಾ" ಎಂದರು. ಕ್ಯಾಮೆರಾ ಮಾತ್ರ ಯಾಕೆ ಎಲ್ಲರದ್ದೂ ಆಗಲಿಲ್ಲ?

ಅರಕಲಗೂಡು ತಾಲ್ಲೂಕಿನಲ್ಲೇ, ಕಾವೇರಿ ದಂಡೆಯ ಮೇಲೆ, ರುದ್ರಪಟ್ಟಣವಿದೆ. ಆರ್.ಕೆ. ಶ್ರೀಕಂಠನ್ 1920ರಲ್ಲಿ ಹುಟ್ಟಿದ ಊರು. ಆರ್.ಕೆ. ಪದ್ಮನಾಭ ಅವರು ಅಲ್ಲಿ ತಂಬೂರಿಯ ಆಕಾರದ ಧ್ಯಾನಮಂದಿರ ಕಟ್ಟಿಸಿದ್ದಾರೆ. ಆ ವಿದ್ವಾಂಸರ ಬಗ್ಗೆ ನನಗೂ ಹೆಮ್ಮೆಯೇ. ಆದರೆ ಅದೇ ತಾಲ್ಲೂಕಿನಲ್ಲಿ ಕೋಳಿ ಕೂಗುವ ಹೊತ್ತಿಗೆ ಬೀಸುವ ಕಲ್ಲಿನ ಮುಂದೆ ಕೂತು ಪದ ಹೇಳಿದ ಹೆಂಗಸರ ಹೆಸರು ಯಾವ ಕಲ್ಲಿನ ಮೇಲಿದೆ? ಅಜ್ಜಿಯ ಹೆಸರು ಹೋಯಿತು. ಕಾಲೇಜು ಮೆಟ್ಟಿಲು ಹತ್ತಿದ ಮೊಮ್ಮಗಳ ಹೆಸರೂ ಹೋಗಬೇಕೆ?

ನನ್ನ ಮಾತು ಅವತ್ತು ಯಾರಿಗೂ ರುಚಿಸಲಿಲ್ಲ. ಜಾಹೀರಾತನ್ನೇ ಮೊದಲು ಚಿತ್ರೀಕರಿಸಿದರು. ಹದಿನೈದು ದಿನ ಕಳೆಯುವುದರೊಳಗೆ ಅದರ ಒಂದು ತುಣುಕು ಕೈಯಿಂದ ಕೈಗೆ ಹೋಗಿ, ಒಂದು ತರಬೇತಿ ಸಂಸ್ಥೆಯ ಫ್ಲೆಕ್ಸಿನ ಮೇಲೆ ಹೊಳೆನರಸೀಪುರದ ಹುಡುಗಿಯ ನಗುಮುಖವಾಗಿ ನಿಂತಿತು. ಅವಳನ್ನು ಕೇಳಿದವರಿಲ್ಲ. ನೆಂಟರೊಬ್ಬರು ಅಪ್ಪನಿಗೆ ಫೋಟೋ ಕಳಿಸಿದರು. "ಓದಿದ್ದು ಸಾಕು" ಎಂದುಬಿಟ್ಟರು ಅಪ್ಪ. ಎಂಟು ದಿನ ಆ ಹುಡುಗಿ ಕಾಲೇಜಿಗೆ ಬರಲಿಲ್ಲ. ತಪ್ಪು ಮಾಡಿದವರು ಯಾರೋ, ಬಾಗಿಲು ಮುಚ್ಚಿದ್ದು ಇವಳಿಗೆ! ನಾನೂ ನನ್ನ ತಂಗಿಯೂ ಸಂಸ್ಥೆಗೆ ಹೋಗಿ ಜಗಳವಾಡಿ ಫ್ಲೆಕ್ಸ್ ಇಳಿಸಿದೆವು. ಅಪ್ಪನನ್ನು ಒಪ್ಪಿಸುವುದು ಅದಕ್ಕಿಂತ ಕಷ್ಟವಾಯಿತು.

"ಅದಕ್ಕೇ ಹೇಳೋದು, ಹೆಣ್ಣುಮಕ್ಕಳಿಗೆ ಈ ಹಾಡು ಕುಣಿತ ಯಾಕೆ" ಎಂದು ನಮ್ಮ ಬೀದಿಯ ಹಿರಿಯಾಕೆಯೊಬ್ಬರು ಹೇಳಿದರು. ನಿಮ್ಮಲ್ಲೂ ಕೆಲವರಿಗೆ ಹಾಗೇ ಅನ್ನಿಸಿರಬಹುದು. ನಾನು ಒಪ್ಪುವುದಿಲ್ಲ. ಕಳ್ಳ ಬಂದನೆಂದು ಮನೆಗೆ ಬೀಗ ಹಾಕುತ್ತೇವೆಯೇ ಹೊರತು ಮನೆಯನ್ನೇ ಬಿಟ್ಟು ಹೋಗುತ್ತೇವೆಯೇ? 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದಾಗ ಹೆಂಗಸರಿಗೆ ಬಸ್ಸು ಪುಕ್ಕಟೆಯಾಯಿತು. ಬಸ್ಸು ಹತ್ತಿ ಊರು ದಾಟಿದ ಹುಡುಗಿ ತನ್ನ ಹಾಡಿನಲ್ಲಿ ಮಾತ್ರ ದಾಟಬಾರದು ಎಂದರೆ ಅದು ಯಾವ ನ್ಯಾಯ?

ಬೀಗ ಯಾವುದು ಎಂದರೆ, ತಿಳುವಳಿಕೆ. 1957ರ ಹಕ್ಕುಸ್ವಾಮ್ಯ ಕಾಯಿದೆಯ ಪ್ರಕಾರ ಹುಡುಗಿ ತಾನೇ ಕಟ್ಟಿದ ಹಾಡು ಅವಳ ಸ್ವತ್ತು. ಅವಳು ಬದುಕಿರುವಷ್ಟು ಕಾಲ, ಆಮೇಲೂ 60 ವರ್ಷ. ಅದೇ ಕಾಯಿದೆ, ಶಾಲೆ ಕಾಲೇಜಿನ ಸಮಾರಂಭದಲ್ಲಿ ವಿದ್ಯಾರ್ಥಿಗಳು ಬೇರೆಯವರ ಹಾಡು ಹಾಡಲು ವಿನಾಯಿತಿ ಕೊಡುತ್ತದೆ. ಆದರೆ ನೋಡುವವರು ಅಧ್ಯಾಪಕರು, ಮಕ್ಕಳು, ತಂದೆತಾಯಿಗಳು, ಸಂಸ್ಥೆಗೆ ಸಂಬಂಧಪಟ್ಟವರು ಆಗಿರುವಷ್ಟು ಮಾತ್ರ. ಅದನ್ನೇ ಯೂಟ್ಯೂಬಿಗೆ ಹಾಕಿದರೆ ಆ ವಿನಾಯಿತಿ ಜೊತೆಗೆ ಬರುವುದಿಲ್ಲ. 2023ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಬೇಲೂರು, ಹಳೇಬೀಡುಗಳಲ್ಲಿ ಚಿತ್ರೀಕರಿಸಲು ಪುರಾತತ್ವ ಇಲಾಖೆಯ ಅನುಮತಿ ಬೇಕು. ಜಾಹೀರಾತಿನಲ್ಲಿ ಹೆಣ್ಣನ್ನು ಅಸಭ್ಯವಾಗಿ ತೋರಿಸುವುದನ್ನು ತಡೆಯಲು 1986ರಿಂದಲೇ ಕಾಯಿದೆಯಿದೆ. ಇದನ್ನೆಲ್ಲ ಯೋಜನೆಯ ಮೊದಲ ಪುಟದಲ್ಲಿ ಬರೆಯಬೇಕಿತ್ತು, ಮದನಿಕೆಯ ಭಂಗಿಯ ಜಾಗದಲ್ಲಿ.

ನಿಮ್ಮ ಮಗಳು ನಾಳೆ ಇಂಥ ಹಾಳೆ ಹಿಡಿದು ಬಂದರೆ 'ಬೇಡ' ಎನ್ನಬೇಡಿ, 'ಆಯ್ತು ಹೋಗು' ಎಂದೂ ಕೈತೊಳೆದುಕೊಳ್ಳಬೇಡಿ. ಪಕ್ಕದಲ್ಲಿ ಕೂತು ಕೇಳಿ: ಹಾಡು ಯಾರದು? ಹೆಸರು ಹಾಕಿದ್ದೀರಾ? ಕ್ಯಾಮೆರಾ ಯಾರ ಕೈಯಲ್ಲಿದೆ? ಚಿತ್ರದ ಮೂಲ ಪ್ರತಿ ಯಾರ ಬಳಿ ಇರುತ್ತದೆ? ಮುಖ ತೋರಿಸುವವಳು ಎಲ್ಲೆಲ್ಲಿಗೆ ಒಪ್ಪಿದ್ದಾಳೆಂದು ಬರೆದುಕೊಂಡಿದ್ದೀರಾ? ಅವಳು ಬೇಡವೆಂದ ದಿನ ಅಳಿಸುತ್ತೀರಾ?

ಹೊಳೆನರಸೀಪುರದ ಹುಡುಗಿ ಒಂಬತ್ತನೆಯ ದಿನ ಬಂದಳು. ಅವಳು ಮೊದಲು ಕೇಳಿದ್ದು ಕ್ಯಾಮೆರಾವನ್ನು. ಜಾಹೀರಾತನ್ನು ಹೊಸದಾಗಿ ತೆಗೆದರು. ಮಬ್ಬುಗತ್ತಲೆಯಲ್ಲಿ ಬರುವ ಬಸ್ಸಿನ ದೀಪ, ಕಂಬಿ ಹಿಡಿದ ಬಳೆಯ ಕೈಗಳು, ಹಿಂದೆ ಆ ಬೀಸುವ ಪದದ ಧಾಟಿ, ಕೊನೆಗೆ ಕಟ್ಟಿದವಳ ಹೆಸರು. ನೋಡಿದವರು ಲಕ್ಷಗಟ್ಟಲೆ ಏನಲ್ಲ. ಅರಕಲಗೂಡಿನ ಅಜ್ಜಿ ಮೂರು ಸಲ ಹಾಕಿಸಿಕೊಂಡು ನೋಡಿದರಂತೆ. ಮೂರನೆಯ ಸಲ, "ನನ್ನ ಹೆಸರೂ ಹಾಕಬಹುದಿತ್ತಲ್ಲವ್ವಾ" ಎಂದರಂತೆ.

ಹಾಕಬೇಕಿತ್ತು. ಅದನ್ನು ಕೇಳಲು ನನಗೂ ಮರೆತುಹೋಗಿತ್ತು.