ನವಲಿಯ ನಾಲಗೆಗೆ ಆಕಾಶದಲ್ಲಿ ಎಡೆಯಿಲ್ಲವೆ?

ವಿಮಾನಗಳಿಗೆ ದಾರಿ ಹೇಳತಕ್ಕ ವಾಯುಸಂಚಾರ ನಿಯಂತ್ರಕರ ತರಬೇತಿಯಲ್ಲಿ ಕಲಿಯುವವರ ಪ್ರತ್ಯೇಕ ಅಗತ್ಯಗಳಿಗೆ ಮನ್ನಣೆಯಿತ್ತರೆ ಸುರಕ್ಷತೆಗೆ ಎಳ್ಳುನೀರು ಬಿಟ್ಟಂತೆ ಎಂಬ ಮಾತನ್ನು ಕೇಳಿ ಕೇಳಿ ನನ್ನ ಸಹನೆ ತೀರಿದೆ. ಕೊಪ್ಪಳದ ಕಡೆಯ ನವಲಿಯಂಥ ಊರಿನ ಶಾಲೆಯಲ್ಲಿ ಕನ್ನಡದಲ್ಲಿ ಓದಿ, ಭೌತಶಾಸ್ತ್ರ ಗಣಿತಗಳಲ್ಲಿ ಪದವಿ ಪಡೆದು ಬಂದ ಹುಡುಗಿಯು ಕಾನ್ವೆಂಟಿನ ಉಚ್ಚಾರಣೆ ಇಲ್ಲವೆಂಬ ಒಂದೇ ಕಾರಣಕ್ಕೆ ಹೀಗೆನ್ನುವವರ ಕಣ್ಣಿಗೆ ಅನರ್ಹಳು.

ಇದು ಶುದ್ಧ ಅಜ್ಞಾನ. ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯು ಭಾಷಾಸಾಮರ್ಥ್ಯಕ್ಕೆ ಆರು ಹಂತಗಳನ್ನು ಗೊತ್ತುಪಡಿಸಿ, ಕೆಲಸಕ್ಕೆ ನಾಲ್ಕನೆಯದು ಸಾಕೆಂದಿದೆ. ಉಚ್ಚಾರಣೆಯ ಮೇಲೆ ತಾಯ್ನುಡಿಯ ಛಾಯೆ ಇರಬಹುದೆಂಬುದನ್ನು ಅತ್ಯುನ್ನತವಾದ ಆರನೆಯ ಹಂತದಲ್ಲಿಯೂ ಒಪ್ಪಿದೆ. ರೇಡಿಯೋದಲ್ಲಿ ಮೂರನ್ನು 'ಟ್ರೀ' ಎಂದೂ, ಐದನ್ನು 'ಫೈಫ್' ಎಂದೂ, ಒಂಬತ್ತನ್ನು 'ನೈನರ್' ಎಂದೂ ನುಡಿಯಬೇಕೆಂಬುದು ಅದರದೇ ವಿಧಿ. ಲಂಡನ್ನಿನವನೂ ತನ್ನ ಮನೆಯ ಇಂಗ್ಲಿಷನ್ನು ಬದಿಗಿಟ್ಟು ಇದನ್ನು ಅಭ್ಯಾಸಮಾಡಲೇಬೇಕು. ಆಕಾಶದ ನುಡಿ ಯಾರ ತೊಟ್ಟಿಲಿನಲ್ಲಿಯೂ ಹುಟ್ಟಿದುದಲ್ಲ. ಎಲ್ಲರೂ ಕಲಿತೇ ಪಡೆಯತಕ್ಕುದು. ಅಂದಮೇಲೆ ಒಬ್ಬರಿಗೆ ಒಂದು ತಿಂಗಳು, ಇನ್ನೊಬ್ಬರಿಗೆ ಎರಡು ತಿಂಗಳು ಹಿಡಿದರೆ ಆಕಾಶವೇನು ಕುಸಿಯುವುದೆ?

1977ರ ಮಾರ್ಚ್ 27ರಂದು ಟೆನೆರಿಫ್‌ನ ರನ್‌ವೇಯಲ್ಲಿ ಎರಡು ವಿಮಾನಗಳು ಡಿಕ್ಕಿಹೊಡೆದು 583 ಮಂದಿ ಮಡಿದರು. ಅವುಗಳಲ್ಲೊಂದನ್ನು ನಡೆಸುತ್ತಿದ್ದವನು ಹೊಸಬನಲ್ಲ, ಇತರರಿಗೆ ಪಾಠ ಹೇಳುವಷ್ಟು ಪಳಗಿದವನು. ಆದರೂ ಎರಡರ್ಥಕ್ಕೆ ಎಡೆಗೊಟ್ಟ ಮಾತೊಂದನ್ನು ಯಾರೂ ಮತ್ತೆ ಕೇಳಿ ಖಚಿತಪಡಿಸಿಕೊಳ್ಳದೆ ಹೋದುದು ಆ ಅನರ್ಥದ ಮುಖ್ಯ ಕಾರಣಗಳಲ್ಲೊಂದಾಯಿತು. ಸುರಕ್ಷತೆಯ ಜೀವಾಳವು ಉಚ್ಚಾರಣೆಯ ಠೀವಿಯಲ್ಲಿಲ್ಲ, ಮರಳಿ ಕೇಳುವ ಧೈರ್ಯದಲ್ಲಿದೆ.

ನಮ್ಮ ನಾಲಗೆಗೆ ಆಗುವ ಈ ಅನ್ಯಾಯ ತರಬೇತಿಯ ತರಗತಿಯಲ್ಲಿ ಹುಟ್ಟಿದುದಲ್ಲ. ತುಂಗಭದ್ರಾ ಜಲಾಶಯದಲ್ಲಿ ಹೂಳು ತುಂಬಿತೆಂದು ಸಮತೋಲನ ಜಲಾಶಯಕ್ಕೆ ನೆಲ ಹುಡುಕುವಾಗ ಬೆಂಗಳೂರಿಗೆ ನವಲಿಯ ನೆನಪಾಗುತ್ತದೆ; ನಿಯಂತ್ರಕರ ನೇಮಕಾತಿಯ ಪರೀಕ್ಷೆಯಲ್ಲಾದರೋ ಪ್ರಶ್ನೆಗಳು ಇಂಗ್ಲಿಷ್ ಹಿಂದಿಗಳಲ್ಲಿ ಮಾತ್ರ. ಕೊಪ್ಪಳವನ್ನೊಳಗೊಂಡ ನಮ್ಮ ಭಾಗಕ್ಕೆ ಸಂವಿಧಾನದ 371ಜೆ ವಿಧಿಯಿತ್ತ ಮೀಸಲಾತಿ ರಾಜ್ಯದ ಹುದ್ದೆಗಳಲ್ಲಿಯೇ ನಿಂತು, ಕೇಂದ್ರದ ಕೈಯಲ್ಲಿರುವ ನಿಯಂತ್ರಣ ಗೋಪುರದ ಮೆಟ್ಟಿಲನ್ನು ಮುಟ್ಟುವುದಿಲ್ಲ. ನಮ್ಮ ನೆಲ ಬೇಕು, ನೀರು ಬೇಕು. ನಾಲಗೆ ಮಾತ್ರ ಬೇಡ!

ಅಂತಿಮ ಪರೀಕ್ಷೆ ಎಷ್ಟು ಕಠಿಣವಾಗಿದ್ದರೂ ಇರಲಿ, ಒಂದಂಕವನ್ನೂ ಸಡಿಲಿಸಬೇಡಿ. ಪ್ರಯಾಗರಾಜವಾಗಲಿ ಹೈದರಾಬಾದಾಗಲಿ, ತರಬೇತಿ ನಡೆಯುವಲ್ಲೆಲ್ಲ ಆ ಪರೀಕ್ಷೆಗೆ ಮುನ್ನ ಕಿವಿ ಪಳಗುವಷ್ಟು ಆಲಿಸುವ ಅಭ್ಯಾಸವನ್ನೂ, ಸಿಮ್ಯುಲೇಟರಿನ ಮುಂದೆ ಹೆಚ್ಚಿನ ಗಂಟೆಗಳನ್ನೂ, ತಪ್ಪನ್ನು ತಿದ್ದುವ ಗುರುವನ್ನೂ ಬೇಕಾದವರಿಗೆ ಬೇಕಾದಷ್ಟು ಕೊಡಿ. ನಗೆಗೀಡಾಗುವೆನೆಂಬ ಅಂಜಿಕೆಯಿಂದ ತರಗತಿಯಲ್ಲಿ 'ಮತ್ತೊಮ್ಮೆ ಹೇಳಿ' ಎನ್ನಲಾರದವಳು ನಾಳೆ ಗೋಪುರದಲ್ಲಿ ಕುಳಿತು ಅದನ್ನು ಕೇಳುವಳೆ?